ರೋಣದ ಎರೆಹೊಲಕ್ಕೆ ಬಂದ ಅಮೆರಿಕದ ಯುದ್ಧ

ಬಿ.ಎ. ತರಗತಿಯಲ್ಲಿ ಆಧುನಿಕ ಅಮೆರಿಕದ ಇತಿಹಾಸ ಓದುವ ರೋಣ, ನರಗುಂದ, ಗಜೇಂದ್ರಗಡ ಭಾಗದ ವಿದ್ಯಾರ್ಥಿಗೆ 1861ರಿಂದ 1865ರವರೆಗಿನ ಅಂತರ್ಯುದ್ಧವೆಂದರೆ ಪರೀಕ್ಷೆಗೆ ಬರಬಹುದಾದ ಒಂದು ಪ್ರಶ್ನೆ. ಕಾರಣಗಳೇನು, ಪರಿಣಾಮಗಳೇನು, ಲಿಂಕನ್ನರ ಪಾತ್ರವೇನು ಎಂದು ಮೂರು ಭಾಗ ಮಾಡಿ ಬರೆದರೆ ಉತ್ತರ ಮುಗಿಯಿತು. ಸಮುದ್ರದಾಚೆಯ ಆ ಯುದ್ಧಕ್ಕೂ ತನ್ನೂರಿನ ಎರೆಹೊಲಕ್ಕೂ ಸಂಬಂಧವಿತ್ತು ಎಂದರೆ ಆತ ಸುಲಭವಾಗಿ ನಂಬಲಾರ. ಆದರೆ ಸಂಬಂಧವಿತ್ತು. ಹತ್ತಿಯೇ ಆ ಸಂಬಂಧ.

ಎಲಿ ವಿಟ್ನಿ ಎಂಬಾತ ಹತ್ತಿಯಿಂದ ಕಾಳು ಬೇರ್ಪಡಿಸುವ ಜಿನ್ ಯಂತ್ರವನ್ನು ರೂಪಿಸಿದ್ದು 1793ರಲ್ಲಿ. ಅಲ್ಲಿಂದ ಮುಂದೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಹತ್ತಿಯ ಬೇಸಾಯ ಕಾಡ್ಗಿಚ್ಚಿನಂತೆ ಹಬ್ಬಿತು. ಬಿತ್ತುವವರು, ಕಳೆ ತೆಗೆಯುವವರು, ಬಿಡಿಸುವವರು ಎಲ್ಲರೂ ಆಫ್ರಿಕಾ ಮೂಲದ ಗುಲಾಮರು. 1860ರ ಜನಗಣತಿಯ ವೇಳೆಗೆ ಇವರ ಸಂಖ್ಯೆ ಸುಮಾರು 40 ಲಕ್ಷ. ಅಮೆರಿಕದ ಒಟ್ಟು ರಫ್ತಿನ ಮೌಲ್ಯದಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತಿಯದೇ ಆಗಿತ್ತು. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಗಿರಣಿಗಳು ಬಳಸುತ್ತಿದ್ದ ಹತ್ತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಅಲ್ಲಿಂದಲೇ ಬರುತ್ತಿತ್ತು.

ಒಂದೇ ದೇಶವನ್ನು ಇಷ್ಟೊಂದು ನಂಬುವುದು ಅಪಾಯ ಎಂಬುದು ಇಂಗ್ಲೆಂಡಿನ ವ್ಯಾಪಾರಿಗಳಿಗೆ ಮೊದಲೇ ಹೊಳೆದಿತ್ತು. ಅವರ ಒತ್ತಾಯದಿಂದ ಈಸ್ಟ್ ಇಂಡಿಯಾ ಕಂಪನಿಯು ಹತ್ತು ಮಂದಿ ಅಮೆರಿಕನ್ ಬೇಸಾಯಗಾರರನ್ನು ಸಂಬಳ ಕೊಟ್ಟು 1840ರಲ್ಲಿ ಭಾರತಕ್ಕೆ ಕರೆಸಿತು. ತಮ್ಮ ಬೀಜ, ತಮ್ಮ ನೇಗಿಲು, ತಮ್ಮ ಯಂತ್ರಗಳೊಂದಿಗೆ ಬಂದ ಇವರು ದೇಶದ ಬಹುಭಾಗದಲ್ಲಿ ಸೋತರು. ಹೊಸ ಬೆಳೆ ಗಟ್ಟಿಯಾಗಿ ನೆಲೆ ನಿಂತದ್ದು ಧಾರವಾಡ ಸೀಮೆಯಲ್ಲಿ. ಹುಬ್ಬಳ್ಳಿ ಸಮೀಪದ ಕುಸುಗಲ್ಲಿನಲ್ಲಿ ಮರ್ಸರ್ ಎಂಬ ಅಮೆರಿಕನ್ ನಡೆಸಿದ ಪ್ರಯೋಗ ಮತ್ತು ಅಂದಿನ ಕಲೆಕ್ಟರ್ ಷಾ ಅವರ ಆಸಕ್ತಿಯಿಂದ ನ್ಯೂ ಆರ್ಲಿಯನ್ಸ್ ತಳಿಯ ಬೀಜ ರೈತರ ಕೈ ಸೇರಿತು. ಮುಂಗಾರಿನ ಜೊತೆಗೆ ಹಿಂಗಾರಿನ ಹದ ಮಳೆಯೂ ಬೀಳುವ ಇಲ್ಲಿನ ಎರೆ ಭೂಮಿ ಅದಕ್ಕೆ ಒಗ್ಗಿತು. ಗದಗ, ರೋಣ, ನವಲಗುಂದ ಸೀಮೆಗಳಿಗೆ ಬೆಳೆ ಹಬ್ಬಿತು. ರೈತರು ತಮ್ಮ ಹಳೆಯ ತಳಿಯನ್ನು ಜವಾರಿ ಹತ್ತಿ ಎಂದೂ ಹೊಸದನ್ನು ವಿಲಾಯ್ತಿ ಹತ್ತಿ ಎಂದೂ ಕರೆದರು. ಲಿವರ್‌ಪೂಲಿನ ಪೇಟೆಯಲ್ಲಿ ಅದಕ್ಕೆ 'ಧಾರವಾಡ-ಅಮೆರಿಕನ್' ಎಂಬ ಹೆಸರು ಬಿತ್ತು.

ಇಲ್ಲೊಂದು ಕಾಕತಾಳೀಯವನ್ನು ಗಮನಿಸಬಹುದು. ಅಮೆರಿಕದ ಸೆನೆಟಿನಲ್ಲಿ ದಕ್ಷಿಣ ಕೆರೊಲಿನಾದ ಹ್ಯಾಮಂಡ್ ಎಂಬ ಸದಸ್ಯ ಹತ್ತಿಯೇ ದೊರೆ, ಅದರ ಮೇಲೆ ಯುದ್ಧ ಸಾರುವ ಧೈರ್ಯ ಯಾರಿಗೂ ಇಲ್ಲ ಎಂದು ಗರ್ವದಿಂದ ಸಾರಿದ್ದು 1858ರ ಮಾರ್ಚ್‌ನಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬ ಬ್ರಿಟಿಷರ ವಿರುದ್ಧ ಬಂಡೆದ್ದ. ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹತನಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು, ಸಂಸ್ಥಾನ ಬ್ರಿಟಿಷರ ವಶವಾಯಿತು. ಮೂರೇ ವರ್ಷಗಳಲ್ಲಿ ಈ ಸೀಮೆಯ ರೈತನಿಗೆ ಹ್ಯಾಮಂಡನ ದೊರೆಯ ಪರಿಚಯವೂ ಆಯಿತು.

1861ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಆರಂಭವಾದೊಡನೆ ಲಿಂಕನ್ ದಕ್ಷಿಣದ ಬಂದರುಗಳಿಗೆ ನೌಕಾ ದಿಗ್ಬಂಧನ ಹಾಕಿದರು. ಹತ್ತಿ ಹಡಗುಗಳು ನಿಂತವು. ಲ್ಯಾಂಕಶೈರಿನ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿ ಲಕ್ಷಾಂತರ ಕಾರ್ಮಿಕರು ಗಂಜಿಗೆ ಕೈಯೊಡ್ಡಿದರು. ಹಾಗಿದ್ದೂ ಮ್ಯಾಂಚೆಸ್ಟರಿನ ದುಡಿಯುವ ಜನ 1862ರ ಕೊನೆಯ ದಿನ ಸಭೆ ಸೇರಿ, ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಲಿಂಕನ್ನರಿಗೆ ಬೆಂಬಲದ ಪತ್ರ ಬರೆದರು ಎಂಬುದು ಇತಿಹಾಸದ ಹೃದಯಸ್ಪರ್ಶಿ ಪುಟಗಳಲ್ಲಿ ಒಂದು.

ಗಿರಣಿ ಮಾಲೀಕರ ಕಣ್ಣು ಭಾರತದತ್ತ ಹೊರಳಿತು. ಯುದ್ಧಕ್ಕೆ ಮೊದಲು ಇಂಗ್ಲೆಂಡಿನ ಹತ್ತಿಯಲ್ಲಿ ಭಾರತದ ಪಾಲು ಸಣ್ಣದಿತ್ತು. 1862ರಲ್ಲಿ ಅದು ಅರ್ಧವನ್ನೂ ಮೀರಿತು. 1864ರ ವೇಳೆಗೆ ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆ ಯುದ್ಧಪೂರ್ವದ ಸುಮಾರು ನಾಲ್ಕು ಪಟ್ಟಾಗಿತ್ತು. ಆಗ ಈ ಭಾಗಕ್ಕೆ ರೈಲು ಬಂದಿರಲಿಲ್ಲ. ಹತ್ತಿಯ ಅಂಡಿಗೆಗಳು ಚಕ್ಕಡಿಗಳಲ್ಲಿ, ಹೇರೆತ್ತುಗಳ ಬೆನ್ನಿನಲ್ಲಿ ಸಹ್ಯಾದ್ರಿಯ ಘಟ್ಟ ಇಳಿದು ಕುಮಟಾ ಬಂದರು ಸೇರಿ, ಅಲ್ಲಿಂದ ಮುಂಬಯಿಗೆ ಹೋಗುತ್ತಿದ್ದವು. ಧಾರವಾಡದ ಹತ್ತಿಗೆ ಹತ್ತಿರದ ಒಳ್ಳೆಯ ಬಂದರು ಬೇಕೆಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಕಾರವಾರಕ್ಕಾಗಿ ಪಟ್ಟು ಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಲೆಕ್ಕಾಚಾರವಿತ್ತು.

ಬೆಲೆ ಏರಿದಾಗ ಆಸೆಯೂ ಏರುತ್ತದೆ. ವಿಲಾಯ್ತಿ ಹತ್ತಿಗೆ ಜವಾರಿ ಬೆರೆಸುವುದು, ತೂಕಕ್ಕಾಗಿ ನೀರು ಚಿಮುಕಿಸುವುದು, ಕಾಳು ಕಸ ಸೇರಿಸುವುದು ಪೇಟೆಗಳಲ್ಲಿ ವ್ಯಾಪಕವಾಯಿತು. ಇದನ್ನು ತಡೆಯಲೆಂದೇ ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ಕಾಯ್ದೆ ತಂದಿತು. ರೈತರ ಕೈಯಲ್ಲಿ ಹಿಂದೆಂದೂ ಕಾಣದಷ್ಟು ಹಣ ಓಡಾಡಿತು ನಿಜ. ಆದರೆ ಮಗ್ಗವನ್ನೇ ನಂಬಿದ್ದ ಗಜೇಂದ್ರಗಡದಂತಹ ಊರುಗಳ ಪಾಡೇನು? ವಿಲಾಯತಿ ಬಟ್ಟೆಯ ಪೈಪೋಟಿಯಿಂದ ಮೊದಲೇ ಬಡವಾಗಿದ್ದ ಕೈಮಗ್ಗದವರಿಗೆ ಹತ್ತಿ, ನೂಲಿನ ಬೆಲೆ ಏರಿಕೆ ಗಾಯದ ಮೇಲೆ ಬರೆಯಾಯಿತು. ಒಬ್ಬರಿಗೆ ಸುಗ್ಗಿಯಾದ ಯುದ್ಧ ಇನ್ನೊಬ್ಬರಿಗೆ ಬರಗಾಲವಾಗುವುದು ಹೀಗೆ.

1865ರ ಏಪ್ರಿಲ್ 9ರಂದು ದಕ್ಷಿಣದ ಸೇನಾನಿ ಲೀ ಶರಣಾದ. ಹತ್ತಿ ಬೆಲೆ ಕುಸಿಯಿತು. ಮುಂಬಯಿಯಲ್ಲಿ ಷೇರು ಸಟ್ಟಾ ಕಟ್ಟಿದವರು ದಿವಾಳಿಯಾದರು. ಆ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. ಪುಸ್ತಕಗಳಲ್ಲಿ ಕಾಣದಿರುವುದು, ಏರಿದ ಬೆಲೆಯನ್ನು ನಂಬಿ ಸಾಲ ಮಾಡಿದ ರೈತನ ಕಥೆ. ಬೆಲೆ ಇಳಿದರೂ ಸಾಲ ಇಳಿಯಲಿಲ್ಲ. 1870ರ ದಶಕದಲ್ಲಿ ಹಳೆಯ ಸರ್ವೇ ಅವಧಿ ಮುಗಿದಾಗ, ಬೆಳೆಯ ಬೆಲೆ ಏರಿದೆ ಎಂಬ ಆಧಾರದ ಮೇಲೆ ನವಲಗುಂದ ಮೊದಲಾದ ಕಡೆ ಕಂದಾಯ ಹೆಚ್ಚಿಸಲಾಯಿತು. ಅದರ ಬೆನ್ನಿಗೇ 1876-78ರ ಭೀಕರ ಬರ ಧಾರವಾಡ ಜಿಲ್ಲೆಯನ್ನು ಹಿಂಡಿತು.

ಅತ್ತ ಅಮೆರಿಕದಲ್ಲಿ 1865ರ ಡಿಸೆಂಬರ್‌ನಲ್ಲಿ ಸಂವಿಧಾನದ 13ನೇ ತಿದ್ದುಪಡಿಯ ಮೂಲಕ ಗುಲಾಮಗಿರಿ ರದ್ದಾಯಿತು. ಆದರೆ ಬಿಡುಗಡೆಯಾದವರಿಗೆ ಭೂಮಿ ಸಿಗಲಿಲ್ಲ. ಹಳೆಯ ಒಡೆಯರ ಹೊಲಗಳನ್ನೇ ಪಾಲಿಗೆ ಮಾಡುತ್ತ, ಬೀಜಕ್ಕೂ ಹಿಟ್ಟಿಗೂ ಅಂಗಡಿಯವನಲ್ಲಿ ಸಾಲ ಮಾಡುತ್ತ, ಸುಗ್ಗಿಯಲ್ಲಿ ಹತ್ತಿ ಅವನಿಗೇ ಅಳೆದು ಕೊಡುವ ಬಾಳು ಅವರದಾಯಿತು. ಗುಲಾಮಗಿರಿಯ ನೋವಿಗೆ ಇನ್ನಾವುದನ್ನೂ ಹೋಲಿಸಲಾಗದು. ಆದರೂ ಸಾಲದ ಈ ಲೆಕ್ಕ ರೋಣದ ರೈತನಿಗೆ ಅಪರಿಚಿತವೇನಲ್ಲ.

ಯುದ್ಧದ ಕಾವು ಆರಿದರೂ ಅಮೆರಿಕದ ಬೀಜ ಈ ನೆಲ ಬಿಟ್ಟು ಹೋಗಲಿಲ್ಲ. ಧಾರವಾಡ-ಅಮೆರಿಕನ್ ಹತ್ತಿಯಿಂದ ಆಯ್ದ ತಳಿಯೇ 'ಗದಗ-1'. ಅದರ ವಂಶದಲ್ಲಿ 'ಲಕ್ಷ್ಮಿ' ಬಂತು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರ್ಕಿ ಅವರು ಲಕ್ಷ್ಮಿಯನ್ನು ಬೇರೊಂದು ಜಾತಿಯ ಹತ್ತಿಯೊಂದಿಗೆ ಕೂಡಿಸಿ ರೂಪಿಸಿದ 'ವರಲಕ್ಷ್ಮಿ' 1972ರಲ್ಲಿ ಬಿಡುಗಡೆಯಾಯಿತು. ಮಲಪ್ರಭೆಯ ಕಾಲುವೆ ನೀರಿನಲ್ಲಿ ವರಲಕ್ಷ್ಮಿ ಬೆಳೆದ ನರಗುಂದ, ನವಲಗುಂದದ ರೈತರು ಮತ್ತೊಮ್ಮೆ ಏರಿದ ಬೆಲೆಯನ್ನೂ ಇಳಿದ ಬೆಲೆಯನ್ನೂ ಕಂಡರು. ಬೆಲೆ ಕುಸಿದಿದ್ದ ಹೊತ್ತಿನಲ್ಲೇ ಸರ್ಕಾರ ನೀರಾವರಿ ಜಮೀನುಗಳಿಗೆ ಬೆಟರ್‌ಮೆಂಟ್ ಲೆವಿ ಕಟ್ಟಿ ಎಂದಿತು. 1980ರ ಜುಲೈ 21ರಂದು ರೈತರು ಬೀದಿಗಿಳಿದರು, ಗೋಲಿಬಾರ್ ನಡೆಯಿತು, ರೈತರು ಪ್ರಾಣ ತೆತ್ತರು. ರಾಜ್ಯದ ರೈತ ಚಳವಳಿಗೆ ಹೊಸ ಬಲ ಬಂದದ್ದು ಆ ದಿನದಿಂದ. 2002ರಲ್ಲಿ ದೇಶದಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತಾಗ ಅದರ ತಂತ್ರಜ್ಞಾನ ಬಂದದ್ದು ಮತ್ತೆ ಅಮೆರಿಕದ ಕಂಪನಿಯಿಂದಲೇ.

1864ರಲ್ಲಿ ಬೆಲೆ ಏಕೆ ಏರಿತು, 1865ರಲ್ಲಿ ಏಕೆ ಇಳಿಯಿತು ಎಂದು ರೋಣದ ರೈತನಿಗೆ ಹೇಳುವವರು ಇರಲಿಲ್ಲ. ಇಂದು ಆತನ ಮನೆಯ ಮಗ ಅಥವಾ ಮಗಳು ಕಾಲೇಜಿನಲ್ಲಿ ಕುಳಿತು ಅದೇ ಯುದ್ಧದ ಪಾಠ ಓದುತ್ತಾರೆ. ಪರಿಣಾಮಗಳೇನು ಎಂಬ ಪ್ರಶ್ನೆಗೆ ಲಿಂಕನ್, ಲೀ, ತಿದ್ದುಪಡಿ ಎಂದು ಬರೆದ ಮೇಲೆ ತಮ್ಮ ಹೊಲದ ಬಗ್ಗೆಯೂ ನಾಲ್ಕು ಸಾಲು ಸೇರಿಸಿದರೆ ಉತ್ತರ ತಪ್ಪಾಗದು. ಮುಂದಿನ ಸಲ ಪೇಟೆಯಲ್ಲಿ ಹತ್ತಿಯ ಧಾರಣೆ ಏಕೆ ಬಿತ್ತೆಂದು ಮನೆಯ ಹಿರಿಯರು ಕೇಳಿದಾಗ ಉತ್ತರ ಹುಡುಕಲು ಅದೇ ಮೊದಲ ಪಾಠವಾಗಬಹುದು.