ನೀರ ಬಳಿ ನಾಲ್ಕು ದಿನ

ಜಪಾನಿನ ಕಡಲತೀರದ ಬಿಸಿನೀರ ತಂಗುಮನೆಗೆ ಹೋದವರು ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಒಳಗೆ ಹುಲ್ಲಿನ ಚಾಪೆ ಹಾಸಿದ ಕೋಣೆ, ಗಿಡ್ಡ ಮೇಜು, ಮನೆಯವರೇ ಕೊಡುವ ಹತ್ತಿಯ ನಿಲುವಂಗಿ. ಸಂಜೆ ಕೊಳಕ್ಕೆ ಇಳಿಯುವ ಮುನ್ನ ಒಂದು ಕಟ್ಟುನಿಟ್ಟು: ಪಕ್ಕದ ಪುಟ್ಟ ಮಣೆಯ ಮೇಲೆ ಕೂತು, ಸೋಪು ಹಚ್ಚಿ, ಮೈ ಪೂರ್ತಿ ತೊಳೆದುಕೊಂಡಿರಬೇಕು. ಕೊಳವಿರುವುದು ಕೊಳೆ ಕಳೆಯಲಿಕ್ಕಲ್ಲ, ಸುಮ್ಮನೆ ಕೂರಲಿಕ್ಕೆ. ಮುಂದೆ ಸಮುದ್ರ, ಕತ್ತಿನವರೆಗೆ ಬಿಸಿನೀರು.

ಶುದ್ಧಿಗೆ ಮುಂಚೆ ಇನ್ನೊಂದು ಶುದ್ಧಿ ಎಂಬ ಈ ಲೆಕ್ಕ ರೋಣ, ನರಗುಂದದ ಕಡೆಯವರಿಗೆ ಹೊಸದೇನಲ್ಲ. ಸವದತ್ತಿಯ ಎಲ್ಲಮ್ಮನಿಗೆ ಹೋಗುವವರು ಮೊದಲು ಜೋಗುಳಬಾವಿಯಲ್ಲಿ ಮಿಂದು, ಸತ್ಯಮ್ಮನಿಗೆ ಕೈಮುಗಿದು, ಆಮೇಲೆ ಗುಡ್ಡಕ್ಕೆ ಹೋಗುತ್ತಾರೆ. ಗುಡ್ಡದ ಮೇಲೆ ಮತ್ತೆ ಎಣ್ಣೆಹೊಂಡ. ಆದರೆ ಜಪಾನಿನಲ್ಲಿ ನೀರಿನ ಪಕ್ಕ ತಂಗುಮನೆ ಬೆಳೆಯಿತು. ನಮ್ಮಲ್ಲಿ ಗುಡಿ ಬೆಳೆಯಿತು, ಮನೆ ಬೆಳೆಯಲಿಲ್ಲ. ಯಾಕೆ ಎಂಬುದು ಈ ಬರಹದ ಕುತೂಹಲ.

ಕಾಲದ ಲೆಕ್ಕದಲ್ಲಿ ನಾವೇನೂ ಹಿಂದಿರಲಿಲ್ಲ. ಜಗತ್ತಿನ ಅತಿ ಹಳೆಯ ಹೋಟೆಲ್ ಎಂದು ಗಿನ್ನೆಸ್ ದಾಖಲೆಗೆ ಸೇರಿರುವ ಕೇಉನ್‌ಕಾನ್ ಎಂಬ ಬಿಸಿನೀರ ತಂಗುಮನೆ ಶುರುವಾದದ್ದು 705ರಲ್ಲಿ. ಇನ್ನೊಂದು, ಹೋಶಿ ಎಂಬುದು, 718ರಲ್ಲಿ. ಕನಸಿನಲ್ಲಿ ದೇವರು ತೋರಿಸಿದ ಬುಗ್ಗೆಯನ್ನು ತಾಯ್ಚೋ ಎಂಬ ಸನ್ಯಾಸಿ ಅಗೆಸಿ ಶಿಷ್ಯನ ಕೈಗೆ ಒಪ್ಪಿಸಿದ ಎಂದು ಅಲ್ಲಿಯ ಐತಿಹ್ಯ. ಆ ಎರಡೂ ವರ್ಷ ನಮ್ಮ ಬಾದಾಮಿಯಲ್ಲಿ ಚಾಲುಕ್ಯ ವಿಜಯಾದಿತ್ಯ ಆಳುತ್ತಿದ್ದ. ಪಟ್ಟದಕಲ್ಲಿನ ಸಂಗಮೇಶ್ವರ ಅವನು ಕಟ್ಟಿಸಿದ ಗುಡಿ. ಅಲ್ಲಿ ಸನ್ಯಾಸಿಯ ಬುಗ್ಗೆ ಒಂದು ಮನೆತನದ ಕಸುಬಾಯಿತು. ಯಜಮಾನನಾದವನು ‘ಜೆಂಗೊರೊ’ ಎಂಬ ಹಿರಿಯರ ಹೆಸರನ್ನೇ ಹೊರುತ್ತಾನೆ. ಗಂಡುಮಕ್ಕಳಿಲ್ಲದಿದ್ದರೆ ಅಳಿಯನನ್ನು ದತ್ತು ತೆಗೆದುಕೊಂಡು ಕಸುಬನ್ನು ಉಳಿಸಿಕೊಳ್ಳುವುದು ಅಲ್ಲಿಯ ವ್ಯಾಪಾರಿ ಮನೆತನಗಳ ರೂಢಿ.

ಕಡಲತೀರದ ಅತಾಮಿಯ ಕಥೆಯೂ ದೇವರಿಂದಲೇ ಶುರು. ಊರ ಹೆಸರಿನ ಅರ್ಥವೇ ‘ಬಿಸಿ ಕಡಲು’. ಸಮುದ್ರದಲ್ಲಿ ಕುದಿನೀರು ಉಕ್ಕಿ ಮೀನು ಸಾಯುತ್ತಿದ್ದುದನ್ನು ಕಂಡ ಸನ್ಯಾಸಿಯೊಬ್ಬ ಪ್ರಾರ್ಥಿಸಿ ಬುಗ್ಗೆಯನ್ನು ದಡಕ್ಕೆ ಸರಿಸಿದನಂತೆ. 1604ರಲ್ಲಿ ತೊಕುಗಾವ ಇಯೆಯಾಸು ಇಬ್ಬರು ಮಕ್ಕಳೊಂದಿಗೆ ಬಂದು ಏಳು ದಿನ ಇದ್ದ. ಮುಂದಿನ ಶೋಗುನ್‌ಗಳು ತಾವು ಬರುವ ಬದಲು ನೀರನ್ನೇ ಪೀಪಾಯಿಗಳಲ್ಲಿ ಎಡೊ ಕೋಟೆಗೆ ತರಿಸಿಕೊಂಡರು. ದೊಡ್ಡ ಬುಗ್ಗೆಯಿಂದ ನೀರೆಳೆದುಕೊಳ್ಳುವ ಹಕ್ಕು ಊರಿನ ಕೆಲವೇ ತಂಗುಮನೆಗಳದಾಗಿತ್ತು. ದೇವರು ಗುಡಿಯಲ್ಲಿ ಉಳಿದ. ನೀರಿನ ನಿತ್ಯದ ಪಾಲನೆ, ಅದರ ಆದಾಯದೊಂದಿಗೆ, ಮನೆತನಗಳಿಗೆ ಹೋಯಿತು.

ಇಷ್ಟು ಕೇಳಿದರೆ ಇದೆಲ್ಲ ಶ್ರೀಮಂತರ ಸುಖ ಅನ್ನಿಸುತ್ತದೆ. ಹಾಗಲ್ಲ. ತೋಜಿ ಎಂದರೆ ರೋಗ ಕಳೆಯಲು, ದಣಿವಾರಿಸಲು ಬಿಸಿನೀರ ಬಳಿ ಬಿಡಾರ ಹೂಡುವುದು. ಏಳು ದಿನ ಒಂದು ಸುತ್ತು. ಬೇಕಾದರೆ ಎರಡು, ಮೂರು ಸುತ್ತು. ಸುಗ್ಗಿ ಮುಗಿಸಿದ ರೈತರು ಅಕ್ಕಿ, ಮಿಸೊ, ಉಪ್ಪಿನಕಾಯಿ ಹೊತ್ತುಕೊಂಡು ಬರುತ್ತಿದ್ದರು. ಕೋಣೆಗಷ್ಟೇ ದುಡ್ಡು, ಅಡುಗೆ ತಮ್ಮದೇ. ಊರು ಬಿಟ್ಟು ತಿರುಗಲು ಎಡೊ ಕಾಲದ ರೈತನಿಗೆ ಸುಲಭವಾಗಿ ಅಪ್ಪಣೆ ಸಿಗುತ್ತಿರಲಿಲ್ಲ. ತೀರ್ಥಯಾತ್ರೆ, ಬಿಸಿನೀರ ಚಿಕಿತ್ಸೆ ಎಂಬ ಎರಡು ಕಾರಣಗಳಿಗೆ ಮಾತ್ರ ಅಧಿಕಾರಿಗಳು ಅಷ್ಟಾಗಿ ಅಡ್ಡಿ ಮಾಡುತ್ತಿರಲಿಲ್ಲ. ಜಾಣರು ಎರಡನ್ನೂ ಒಂದೇ ಪಯಣದಲ್ಲಿ ಮುಗಿಸಿಕೊಂಡರು.

ಇದನ್ನು ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಬನದ ಹುಣ್ಣಿಮೆ, ಭರತ ಹುಣ್ಣಿಮೆಯ ಹೊತ್ತಿಗೆ ಎಲ್ಲಮ್ಮನ ಗುಡ್ಡದ ಕಡೆ ಹೊರಡುವ ಚಕ್ಕಡಿಗಳು. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಎತ್ತಿಗೆ ಮೇವು, ಅಡುಗೆಗೆ ಕಟ್ಟಿಗೆ ಎಲ್ಲ ಚಕ್ಕಡಿಯಲ್ಲೇ. ಚಕ್ಕಡಿಯ ಕೆಳಗೆ ಮಲಗುವುದು, ಬಯಲಲ್ಲಿ ಮೂರು ಕಲ್ಲು ಹೂಡಿ ಹೋಳಿಗೆ ಮಾಡುವುದು, ಪಡ್ಡಲಗಿ ತುಂಬಿಸುವುದು, ಹೊಂಡದಲ್ಲಿ ಮೀಯುವುದು. ದಾರಿ ಸೇರಿ ನಾಲ್ಕು ದಿನವೋ ಐದು ದಿನವೋ. ವರ್ಷವೆಲ್ಲ ಎರೆಹೊಲದಲ್ಲಿ ಬಗ್ಗಿದ ಹೆಣ್ಣುಮಕ್ಕಳಿಗೆ ಮನೆಯ ಒಲೆ ಬಿಟ್ಟು ಹೊರಗೆ ಮಲಗಲು ಬೇರೆ ಯಾವ ನೆಪವಿತ್ತು? ಬೆಳೆ ಕೈಗೆ ಬಂದ ಮೇಲಿನ ಬಿಡುವು, ಸ್ವಂತ ಬುತ್ತಿ, ನೀರು, ದೇವರ ನೆವ: ತೋಜಿಯಲ್ಲಿದ್ದದ್ದೆಲ್ಲ ಇಲ್ಲೂ ಇತ್ತು. ಇರದಿದ್ದದ್ದು ಒಂದು ಸೂರು, ಆ ಸೂರಿಗೆ ಒಬ್ಬ ಯಜಮಾನ.

ನಮ್ಮಲ್ಲಿ ನೀರನ್ನು ನೋಡಿಕೊಂಡವರು ಯಾರು ಎನ್ನುವುದಕ್ಕೆ ಸೂಡಿಗೆ ಹೋಗಬೇಕು. ಹಿಂದೆ ರೋಣ ತಾಲೂಕಿನಲ್ಲಿದ್ದು ಈಗ ಗಜೇಂದ್ರಗಡ ತಾಲೂಕಿಗೆ ಸೇರಿದ ಈ ಹಳ್ಳಿ ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣ. ಇಮ್ಮಡಿ ಜಯಸಿಂಹನ ಅಕ್ಕ ಅಕ್ಕಾದೇವಿ ಆ ನಾಡನ್ನು ಆಳಿದಳು. ಜೋಡುಕಳಸದ ಗುಡಿಯನ್ನು 1060ರ ಹೊತ್ತಿಗೆ ಕಟ್ಟಿಸಿದವನು ಮಹಾಸಾಮಂತಾಧಿಪತಿ ನಾಗದೇವ. ನಾಗಕುಂಡ ಎಂಬ ಹೆಸರಿನಲ್ಲೂ ಅವನೇ ಕೇಳಿಸುತ್ತಾನೆ. ಒಳಗೋಡೆಗಳ ತುಂಬ ಕೆತ್ತನೆ ಇರುವ ಆ ಮೆಟ್ಟಿಲುಬಾವಿಯನ್ನು ನೋಡಿದರೆ ಅದು ಬರೀ ಕೊಡ ತುಂಬಿಸಲು ಕಟ್ಟಿದ್ದಲ್ಲ ಎಂದು ಯಾರಿಗೂ ತಿಳಿಯುತ್ತದೆ. ಇಳಿದು, ಕೂತು, ಹೊತ್ತು ಕಳೆಯುವ ಜಾಗ ಅದು.

ಇದರ ಖರ್ಚು ನಡೆದದ್ದು ದತ್ತಿಯಿಂದ. ಆ ಕಾಲದ ಶಾಸನಗಳಲ್ಲಿ ಇಂತಿಷ್ಟು ಮತ್ತರು ಭೂಮಿ ದೇವರ ಪೂಜೆಗೆ, ತಪೋಧನರ ಊಟ ಬಟ್ಟೆಗೆ, ವಿದ್ಯಾರ್ಥಿಗಳಿಗೆ, ಸತ್ರಕ್ಕೆ ಎಂದು ಬರೆದ ಮೇಲೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಬರುತ್ತದೆ. ಒಡೆದದ್ದು, ಬಿರುಕು ಬಿಟ್ಟದ್ದನ್ನು ಸರಿಪಡಿಸಲು ಎಂದು. ನನಗೆ ಶಾಸನಗಳಲ್ಲಿ ತುಂಬ ಇಷ್ಟವಾದ ಮಾತು ಇದು. ಕಲ್ಲಿನಲ್ಲಿ ಕಟ್ಟುವಾಗಲೇ ಕಲ್ಲು ಒಡೆಯುತ್ತದೆಂದು ಒಪ್ಪಿಕೊಂಡ ಜನ. ಹೊಣೆ ಹೊತ್ತವರು ಸೂಡಿಯಲ್ಲಿ ಕಾಳಾಮುಖ ಯತಿಗಳು. ಅವರ ಮಠ ಅಳಿಯಿತು, ಭೂಮಿ ಕೈ ಬದಲಾಯಿತು, ದುರಸ್ತಿಯ ಹಣ ನಿಂತಿತು. ನಾಗಕುಂಡ ಬಹುಕಾಲ ಹಾಳುಬಿದ್ದಿತ್ತು. ಜಪಾನಿನ ತಂಗುಮನೆಗೂ ಬೆಂಕಿ, ಭೂಕಂಪ ಬಿಡಲಿಲ್ಲ. ಆದರೆ ನೀರು ನಿಂತರೆ ಹೊಟ್ಟೆಯ ಅನ್ನ ನಿಲ್ಲುವ ಮನೆಯೊಂದು ಪ್ರತಿಸಲ ಅದರ ಹಿಂದೆ ಇತ್ತು.

ಹಾಗೆಂದು ದತ್ತಿ ಕೆಟ್ಟದ್ದು, ದುಡ್ಡು ಒಳ್ಳೆಯದು ಎಂದು ತೀರ್ಪು ಕೊಡುವುದು ನನ್ನಿಂದಾಗದು. ದೇವರ ನೀರಿಗೆ ಬೆಲೆ ಇರಲಿಲ್ಲ, ಆದರೆ ಜಾತಿ ಇತ್ತು. 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯಲ್ಲಿ ಅಂಬೇಡ್ಕರ್ ಒಂದು ಬೊಗಸೆ ನೀರು ಕುಡಿಯಲು ಸತ್ಯಾಗ್ರಹವೇ ಮಾಡಬೇಕಾಯಿತು. ಜಪಾನಿನಲ್ಲೂ ಬುರಾಕು ಜನರನ್ನು ದೂರವಿಟ್ಟ ಚರಿತ್ರೆ ಇದೆ. ಇನ್ನು ಹೆಣ್ಣುಮಕ್ಕಳು. ಕಾವಾಬಾತಾ ಅವರ ‘ಹಿಮದ ನಾಡು’ ಕಾದಂಬರಿಯ ನಾಯಕಿ ಬಿಸಿನೀರ ಊರಿನ ಗೇಶಾ. ಅತಿಥಿ ರೈಲು ಹತ್ತಿ ಹೊರಟುಹೋಗುತ್ತಾನೆ, ಅವಳು ಅಲ್ಲೇ ಇರುತ್ತಾಳೆ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿದ ಹುಡುಗಿಯರ ಬದುಕು ಕಾನೂನಿನ ಕಣ್ಣಿಗೆ ಬಿದ್ದದ್ದು 1982ರ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆಯಲ್ಲಿ.

ಬಿಸಿನೀರ ಬಳಿ ಕನ್ನಡಿಗರು ತಂಗಿದ್ದೇ ಇಲ್ಲವೆಂದೂ ಅಲ್ಲ. ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರು ತೀರ್ಥವಿದೆ. ಮುಂಬಯಿ ಸೇರಿದ ಕರಾವಳಿಯವರು ವಜ್ರೇಶ್ವರಿ, ಗಣೇಶಪುರಿಯ ಬಿಸಿ ಕುಂಡಗಳಿಗೆ ಹೋದರು. ಕಾಸರಗೋಡಿನ ಕಾಞಂಗಾಡಿನಲ್ಲಿದ್ದ ನಿತ್ಯಾನಂದರು ಗಣೇಶಪುರಿಯಲ್ಲಿ ನೆಲೆಸಿ 1961ರಲ್ಲಿ ಅಲ್ಲೇ ತೀರಿಕೊಂಡರು. ಅಲ್ಲೂ ಬುಗ್ಗೆ, ಸನ್ಯಾಸಿ, ಆಮೇಲೆ ಕೋಣೆಗಳು. ಹೋಶಿಯ ಕಥೆಯೇ, ಹನ್ನೆರಡು ಶತಮಾನ ತಡವಾಗಿ.

ಇನ್ನೊಂದು ತಮಾಷೆ. ಜಪಾನಿನ 1948ರ ಕಾನೂನಿನ ಪ್ರಕಾರ ನೆಲದಿಂದ ಹೊರಬರುವ ನೀರು 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು, ಅದು ಬಿಸಿನೀರ ಬುಗ್ಗೆ. ನಮ್ಮ ಬಯಲುಸೀಮೆಯ ಬಾವಿನೀರು ಸಹಜವಾಗಿಯೇ ಅದರ ಆಸುಪಾಸಿನಲ್ಲಿರುತ್ತದೆ. ಕಾಗದದ ಮೇಲೆ ಸೂಡಿಯೂ ಒನ್ಸೆನ್ ಊರಾದೀತು.

ರೈಲು ಬಂದ ಮೇಲೆ ಅತಾಮಿಯ ಏಳು ದಿನ ಒಂದು ರಾತ್ರಿಗೆ ಇಳಿಯಿತು. ಈಗ ದರ ಹೇಳುವುದೇ ‘ಒಂದು ರಾತ್ರಿ, ಎರಡು ಊಟ’ ಎಂದು. ಬಸ್ಸು ಬಂದ ಮೇಲೆ ಎಲ್ಲಮ್ಮನ ನಾಲ್ಕು ದಿನವೂ ಬಹಳ ಮಂದಿಗೆ ಒಂದು ಹಗಲಾಯಿತು. ಗಜೇಂದ್ರಗಡದ ಕಾಲಕಾಲೇಶ್ವರ ಗುಡ್ಡದಲ್ಲಿ ಅರಳಿಮರದ ಬೇರಿನಡಿಯಿಂದ ಅಂತರಗಂಗೆ ವರ್ಷವಿಡೀ ಸಣ್ಣ ಹೊಂಡಕ್ಕೆ ಬೀಳುತ್ತಲೇ ಇರುತ್ತದೆ. ಮೆಟ್ಟಿಲು ಹತ್ತಿ ಬಂದವರು ತಲೆಗೊಂದು ಬೊಗಸೆ ಹಾಕಿಕೊಳ್ಳುತ್ತಾರೆ, ಬಾಟಲಿ ತುಂಬಿಕೊಳ್ಳುತ್ತಾರೆ, ಕತ್ತಲಾಗುವ ಮುಂಚೆ ಕೆಳಗಿಳಿಯುತ್ತಾರೆ.