ಕಿವಿಯೊಳಗಿನ ತಕ್ಕಡಿ

ಕಳೆದ ವರ್ಷ ಅಪ್ಪನನ್ನು ಶ್ರವಣ ಪರೀಕ್ಷೆಗೆಂದು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿದ್ದೆ. ಸಣ್ಣ ಗಾಜಿನ ಕಿಟಕಿಯಿದ್ದ ಕೋಣೆಯೊಳಗೆ ಅವರನ್ನು ಕೂರಿಸಿ, ತಜ್ಞೆ ಹಳದಿ ಸ್ಪಂಜಿನ ಎರಡು ಪುಟ್ಟ ಬಿರಡೆಗಳನ್ನು ಬೆರಳಲ್ಲಿ ಹೊಸೆದು ಕಿವಿಗಳಿಗೆ ತೂರಿಸಿದರು. ಬಲಗಿವಿಯ ವೈರಿಗೆ ಕೆಂಪು ಗುರುತು, ಎಡಗಿವಿಯದಕ್ಕೆ ನೀಲಿ. ಸದ್ದು ಕೇಳಿದಾಗಲೆಲ್ಲ ಅಪ್ಪ ಬೆರಳೆತ್ತಬೇಕು. ಕಿಟಕಿಯ ಹೊರಗೆ ನಿಂತಿದ್ದ ನನಗೆ ಅವರು ಬೆರಳೆತ್ತದೆ ಕೂತಿದ್ದ ಹೊತ್ತೇ ಬಹಳ ಉದ್ದ ಎನಿಸಿತು.

ಆಗ ನನ್ನ ಜೇಬಿನಲ್ಲಿ ಒಂದು ಡಬ್ಬಿಯಿತ್ತು. ಅದರೊಳಗೆ ಎರಡು ತಿಂಗಳ ಹಿಂದಷ್ಟೇ 32,000 ರೂಪಾಯಿ ಕೊಟ್ಟು ಕೊಂಡ ಇಯರ್‌ಫೋನು. ಅದರ ತುದಿಯಲ್ಲೂ ಅಂಥದೇ ಸ್ಪಂಜು.

ಪರೀಕ್ಷೆಯ ಗೆರೆ ಎಡದಿಂದ ಸಪಾಟಾಗಿ ಬಂದು, 2,000 ಹರ್ಟ್ಸ್ ದಾಟಿದ ಮೇಲೆ ಗುಡ್ಡದ ಇಳಿಜಾರಿನಂತೆ ಕೆಳಗಿಳಿದಿತ್ತು. ವಯಸ್ಸಿನ ಕಿವುಡು ಸಾಮಾನ್ಯವಾಗಿ ಹೀಗೆಯೇ, ಮೇಲಿನ ಸ್ವರಗಳಿಂದ ಶುರುವಾಗುತ್ತದೆ. ಸ್ವರಾಕ್ಷರಗಳ ಬಲ ಕೆಳಗಿನ ಕಂಪನಗಳಲ್ಲಿದೆ, ಅವು ಉಳಿಯುತ್ತವೆ. ಸ, ಶ, ತ ಇಂಥ ಅಕ್ಷರಗಳ ಗುರುತು ಮೇಲಿನ ಕಂಪನಗಳಲ್ಲಿದೆ, ಅವು ಅಳಿಸಿಹೋಗುತ್ತವೆ. ಅಪ್ಪ ಮೂರು ವರ್ಷದಿಂದ ಹೇಳುತ್ತಿದ್ದ ಮಾತಿನ ಅರ್ಥ ನನಗೆ ಆವತ್ತು ತಿಳಿಯಿತು: “ಕೇಳಸ್ತದ, ಆದ್ರ ಏನಂದ್ರು ಅಂತ ತಿಳಿಯೂದಿಲ್ಲ.”

ಶ್ರವಣ ಸಾಧನ ಹಾಕಿಕೊಳ್ಳಿ ಎಂದರು. ಬೆಲೆ ಹೆಚ್ಚುಕಡಿಮೆ ನನ್ನ ಇಯರ್‌ಫೋನಿನಷ್ಟೇ. “ಇಷ್ಟ ರೊಕ್ಕ ಕೊಟ್ಟು ಕಿವಿಗೆ ಮಷಿನ್ ಯಾಕ?” ಎಂದು ಅಪ್ಪ ಎದ್ದೇಬಿಟ್ಟರು. ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನಾದೆ.

ಆ ಎರಡು ಸ್ಪಂಜುಗಳ ಹೋಲಿಕೆ ಮನಸ್ಸಿನಿಂದ ಹೋಗಲಿಲ್ಲ. ದುಬಾರಿ ಇಯರ್‌ಫೋನುಗಳ ಚರಿತ್ರೆಯನ್ನು ಓದುತ್ತ ಹೋದೆ. ಓದಿದಷ್ಟೂ ಅದು ಕಿವಿ ಕೇಳಿಸದವರ ಚರಿತ್ರೆಯೊಳಗೇ ಕರೆದೊಯ್ಯಿತು.

ಕಿವಿಯೊಳಗೆ ಇಟ್ಟುಕೊಳ್ಳುವ ಶ್ರವಣಿ ಹೊಸದೇನಲ್ಲ. ಫ್ರಾನ್ಸಿನ ಎಂಜಿನಿಯರ್ ಅರ್ನೆಸ್ಟ್ ಮರ್ಕಾದಿಯೆ ಟೆಲಿಫೋನ್ ನೌಕರರಿಗಾಗಿ ಕಿವಿಯೊಳಗೆ ಕೂರುವ ಜೋಡಿ ಶ್ರವಣಿಗೆ 1891ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದ. ಅದರ ತೂಕ 50 ಗ್ರಾಮಿನಷ್ಟು. ಕಿವಿ ಉಜ್ಜದಿರಲೆಂದು ರಬ್ಬರಿನ ಹೊದಿಕೆಯೂ ಇತ್ತು. ಆದರೆ ನನ್ನ ಜೇಬಿನಲ್ಲಿದ್ದ ವಸ್ತುವಿನ ನಿಜವಾದ ಪೂರ್ವಜ ಹುಟ್ಟಿದ್ದು ಅಮೆರಿಕದ ಯೂಟಾ ರಾಜ್ಯದ ಒಂದು ಅಡುಗೆಮನೆಯಲ್ಲಿ. ನಥಾನಿಯಲ್ ಬಾಲ್ಡ್‌ವಿನ್ ಎಂಬಾತ 1910ರಲ್ಲಿ ತಾನು ಮಾಡಿದ ಹೆಡ್‌ಫೋನನ್ನು ಅಲ್ಲಿನ ನೌಕಾಪಡೆಗೆ ಕಳುಹಿಸಿದ. ಪರೀಕ್ಷಿಸಿದವರಿಗೆ ಅದರ ಸೂಕ್ಷ್ಮತೆ ಕಂಡು ಆಶ್ಚರ್ಯ. ಹೆಚ್ಚಿಗೆ ಬೇಕೆಂದಾಗ, ಅಡುಗೆಮನೆಯಲ್ಲೇ ಮಾಡುವುದರಿಂದ ಒಂದು ಸಲಕ್ಕೆ ಹತ್ತಕ್ಕಿಂತ ಜಾಸ್ತಿ ಆಗುವುದಿಲ್ಲ ಎಂದು ಆತ ತಿಳಿಸಿದ. ದೊಡ್ಡ ಪ್ರಾರ್ಥನಾ ಮಂದಿರದಲ್ಲಿ ಪ್ರವಚನ ಸರಿಯಾಗಿ ಕೇಳಿಸದ್ದರಿಂದ ಆತನಿಗೆ ಈ ಹುಚ್ಚು ಹತ್ತಿತು ಎಂಬ ಕತೆಯೂ ಇದೆ.

ಬಾಲ್ಡ್‌ವಿನ್ನನ ಶ್ರವಣಿಯ ಒಳಗಿದ್ದ ಉಪಾಯಕ್ಕೆ ಬ್ಯಾಲೆನ್ಸ್ಡ್ ಆರ್ಮೇಚರ್ ಎಂದು ಹೆಸರು. ತಕ್ಕಡಿಯ ಮುಳ್ಳನ್ನು ನೆನೆಸಿಕೊಳ್ಳಿ. ಒಂದು ತೆಳ್ಳಗಿನ ಕಬ್ಬಿಣದ ನಾಲಗೆ ಎರಡು ಅಯಸ್ಕಾಂತಗಳ ನಡುವೆ ನಿಂತಿದೆ. ಎರಡೂ ಕಡೆಯ ಸೆಳೆತ ಸಮವಾಗಿರುವುದರಿಂದ ಅದು ಅಲ್ಲಾಡುವುದಿಲ್ಲ. ಸುತ್ತಲಿನ ತಂತಿಯ ಸುರುಳಿಯಲ್ಲಿ ಸ್ವಲ್ಪ ವಿದ್ಯುತ್ ಹರಿದರೂ ಸಾಕು, ಸಮತೋಲ ತಪ್ಪಿ ನಾಲಗೆ ಒಂದು ಕಡೆ ವಾಲುತ್ತದೆ. ಅದಕ್ಕೆ ಸೇರಿಸಿದ ಕಡ್ಡಿ ಒಂದು ತೆಳು ಪೊರೆಯನ್ನು ನಡುಗಿಸುತ್ತದೆ, ಸದ್ದು ಹುಟ್ಟುತ್ತದೆ. ಸದ್ದನ್ನು ದೊಡ್ಡದು ಮಾಡುವ ಯಂತ್ರಗಳು ಇನ್ನೂ ಬಳಕೆಗೆ ಬಾರದ ಕಾಲದಲ್ಲಿ ಹಡಗಿನ ವೈರ್‌ಲೆಸ್ ನೌಕರನಿಗೆ ಇಷ್ಟು ಕಡಿಮೆ ವಿದ್ಯುತ್ತಿನಲ್ಲಿ ದುಡಿಯುವ ಶ್ರವಣಿಯೇ ಬೇಕಿತ್ತು.

ಅದೇ ಗುಣ ಮುಂದೆ ಇನ್ನೊಬ್ಬರಿಗೂ ಬೇಕಾಯಿತು. ಬೆರಳಿನ ಉಗುರಿನಷ್ಟು ಬ್ಯಾಟರಿಯಲ್ಲಿ ಇಡೀ ದಿನ ಮಾತು ಕೇಳಿಸಬೇಕಾದ ಶ್ರವಣ ಸಾಧನಕ್ಕೆ ಈ ತಕ್ಕಡಿ ಹೇಳಿ ಮಾಡಿಸಿದಂತಿತ್ತು. ಹ್ಯೂ ನೋಲ್ಸ್ 1946ರಲ್ಲಿ ಶುರುಮಾಡಿದ ಕಂಪನಿ ಅದನ್ನು ಕುಗ್ಗಿಸುತ್ತ ಕುಗ್ಗಿಸುತ್ತ ಅಕ್ಕಿಕಾಳಿನ ಲೆಕ್ಕಕ್ಕೆ ತಂದಿತು. ಟ್ರಾನ್ಸಿಸ್ಟರ್ ಬಂದಾಗ ಮೊದಲು ಮಾರಾಟಕ್ಕೆ ಬಂದ ವಸ್ತುಗಳಲ್ಲಿ ಶ್ರವಣ ಸಾಧನವೂ ಒಂದು. ಕಿವುಡರಿಗೆ ಪಾಠ ಹೇಳುತ್ತಿದ್ದ ಗ್ರಹಾಂ ಬೆಲ್ಲನ ನೆನಪಿಗಾಗಿ, ಬೆಲ್ ಸಂಸ್ಥೆ ಟ್ರಾನ್ಸಿಸ್ಟರ್ ಬಳಸುವ ಶ್ರವಣ ಸಾಧನ ತಯಾರಕರಿಂದ ಪೇಟೆಂಟ್ ಶುಲ್ಕ ಪಡೆಯಲಿಲ್ಲ.

ನೋಲ್ಸ್ ಕಂಪನಿಯಲ್ಲಿ ಎರಡು ದಶಕ ದುಡಿದ ಮೀಡ್ ಕಿಲಿಯನ್ ಎಂಬ ವಿಜ್ಞಾನಿ 1983ರಲ್ಲಿ ಎಟಿಮೋಟಿಕ್ ರಿಸರ್ಚ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಆ ಹೆಸರಿಗೆ ‘ಕಿವಿಗೆ ನಿಷ್ಠ’ ಎಂದು ಅರ್ಥ ಇಟ್ಟುಕೊಂಡರು. ಅವರ ಮುಂದಿದ್ದ ಸಮಸ್ಯೆ ಸ್ವಾರಸ್ಯದ್ದು. ನಮ್ಮ ಕಿವಿಯ ನಾಳ ಸುಮಾರು 25 ಮಿಲಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಕೊಳಲಿನಂತೆ ಅದಕ್ಕೂ ತನ್ನದೇ ಸ್ವರವಿದೆ, 3,000 ಹರ್ಟ್ಸಿನ ಆಸುಪಾಸಿನಲ್ಲಿ. ಹೊರಗಿನಿಂದ ಬರುವ ಸದ್ದಿನ ಆ ಭಾಗವನ್ನು ಅದು ತಾನಾಗಿಯೇ ಎತ್ತಿಕೊಡುತ್ತದೆ. ಬಿರಡೆ ಹಾಕಿ ನಾಳವನ್ನು ಮುಚ್ಚಿದ ಕೂಡಲೇ ಆ ಕೊಳವೆಯ ಗುಣ ಬದಲಾಗುತ್ತದೆ, ಎತ್ತಿಕೊಡುವ ಕೆಲಸ ನಿಲ್ಲುತ್ತದೆ. ಹಾಗಾಗಿ ಕಿವಿಯೊಳಗಿನ ಶ್ರವಣಿ, ತಾನು ಕಸಿದುಕೊಂಡದ್ದನ್ನು ತಾನೇ ಹಿಂದಿರುಗಿಸಬೇಕು. ಶ್ರವಣ ಸಾಧನಗಳ ಕೆಲಸದಲ್ಲಿ ಪಳಗಿದ್ದ ಕಿಲಿಯನ್ನರಿಗೆ ಈ ಲೆಕ್ಕ ಗೊತ್ತಿತ್ತು. ಅವರ ಸಂಸ್ಥೆ ಮೊದಲು ಕಿವಿಯ ಪರೀಕ್ಷೆಗೆ ಬೇಕಾದ ಶ್ರವಣಿಗಳನ್ನು ಮಾಡಿತು. ಅಪ್ಪನ ಕಿವಿಗೆ ತೂರಿಸಿದ್ದು ಅದೇ ಜಾತಿಯದು. ಆಮೇಲೆ 1991ರಲ್ಲಿ ಸಂಗೀತಕ್ಕೆಂದು ಇಆರ್-4 ಬಂತು. ಇವತ್ತಿನ ದುಬಾರಿ ಇಯರ್‌ಫೋನುಗಳ ವಂಶಾವಳಿ ಬರೆಯುವವರು ಅದನ್ನು ಬಿಟ್ಟು ಬರೆಯಲಾರರು.

ಇದಕ್ಕೆ ಸೇರಿಕೊಂಡ ಇನ್ನೊಂದು ಹೊಳೆ ರಾಕ್ ಸಂಗೀತದ ವೇದಿಕೆಯದು. ಡ್ರಮ್ಮು, ಗಿಟಾರುಗಳ ಅಬ್ಬರದಲ್ಲಿ ವಾದಕರಿಗೆ ತಮ್ಮದೇ ವಾದ್ಯ ಕೇಳದೆ, ಎದುರಿನ ಸ್ಪೀಕರನ್ನು ಇನ್ನಷ್ಟು ಜೋರು ಮಾಡಿಸಿಕೊಂಡು ಕಿವಿ ಕಳೆದುಕೊಳ್ಳುತ್ತಿದ್ದರು. ವ್ಯಾನ್ ಹೇಲನ್ ತಂಡದ ಧ್ವನಿ ಎಂಜಿನಿಯರ್ ಜೆರ‍್ರಿ ಹಾರ್ವೆ 1995ರಲ್ಲಿ ಡ್ರಮ್ಮರ್ ಅಲೆಕ್ಸ್ ವ್ಯಾನ್ ಹೇಲನ್‌ಗಾಗಿ ಕಿವಿಯ ಅಚ್ಚು ತೆಗೆದು, ಅದರೊಳಗೆ ಮಂದ್ರಕ್ಕೊಂದು ತಾರಕ್ಕೊಂದು ಎಂದು ಎರಡು ಶ್ರವಣಿಗಳನ್ನು ಕೂರಿಸಿದರು. ಅಲ್ಟಿಮೇಟ್ ಇಯರ್ಸ್ ಕಂಪನಿ ಶುರುವಾದದ್ದು ಅಲ್ಲಿಂದ. ಕಿವಿ ಉಳಿಸಲೆಂದು ಬಂದದ್ದು ನಿಧಾನಕ್ಕೆ ಶೋಕಿಯೂ ಆಯಿತು. ಎರಡು ಮೂರಾದವು, ಆರಾದವು, ಹನ್ನೆರಡಾದವು. ಈಗ ಒಂದೊಂದು ಕಿವಿಗೆ 18 ತಕ್ಕಡಿಗಳಿರುವ ಮಾದರಿಯೂ ಇದೆ, ಲಕ್ಷಗಳಲ್ಲಿ ಬೆಲೆ.

ಇವುಗಳಲ್ಲಿ ಯಾವುದು ಉತ್ತಮ ಎಂದು ಹೇಗೆ ತಿಳಿಯುವುದು? ಈ ಪ್ರಶ್ನೆಗೂ ನೂರು ವರ್ಷದ ಚರಿತ್ರೆಯಿದೆ, ಅದು ಅಷ್ಟೇನೂ ಹೆಮ್ಮೆಯದಲ್ಲ. ಎಡಿಸನ್ ಕಂಪನಿ 1915ರಿಂದ ಸುಮಾರು ಹತ್ತು ವರ್ಷ ಅಮೆರಿಕದ ಊರೂರಿನಲ್ಲಿ ಒಂದು ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ಗಾಯಕಿ, ಪಕ್ಕದಲ್ಲಿ ಫೋನೋಗ್ರಾಫ್. ಹಾಡಿನ ನಡುವೆ ದೀಪ ಆರುತ್ತಿತ್ತು. ಮತ್ತೆ ಹತ್ತಿದಾಗ ಗಾಯಕಿ ಇಲ್ಲ, ಹಾಡು ಮಾತ್ರ ಮುಂದುವರಿದಿದೆ! ಜನ ಬೆರಗಾಗುತ್ತಿದ್ದರು. ಇವತ್ತು ಆ ಯಂತ್ರದ ಸದ್ದು ಕೇಳಿದರೆ ಯಾರೂ ಮೋಸಹೋಗಲಾರರು. ಹಾಗೆ ಹಾಡಿದವರಲ್ಲೊಬ್ಬರಾದ ಆನಾ ಕೇಸ್ ವೃದ್ಧಾಪ್ಯದಲ್ಲಿ ಗುಟ್ಟು ಬಿಟ್ಟುಕೊಟ್ಟರು: ತಮ್ಮ ಧ್ವನಿಯನ್ನೇ ಯಂತ್ರದ ಧ್ವನಿಗೆ ಹೊಂದಿಸಿಕೊಂಡು ಹಾಡುತ್ತಿದ್ದರಂತೆ.

ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಬಲೆಯನ್ನು ತೋರಿಸಿಕೊಟ್ಟಿತು. ಸದ್ದು ಸಣ್ಣದಿದ್ದಾಗ ನಮ್ಮ ಕಿವಿ ಮಂದ್ರವನ್ನು ಹೆಚ್ಚು ಕಳೆದುಕೊಳ್ಳುತ್ತದೆ, ಜೋರಾದಂತೆ ಅದು ತುಂಬಿಕೊಳ್ಳುತ್ತದೆ. ಎರಡು ಇಯರ್‌ಫೋನುಗಳಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಅದು ‘ಜೋರು’ ಎನಿಸುವುದಿಲ್ಲ, ‘ತುಂಬು’ ಎನಿಸುತ್ತದೆ. ಇನ್ನು ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ 40 ಜನರಿಗೆ ನಾಲ್ಕು ಸ್ಪೀಕರುಗಳನ್ನು ಒಮ್ಮೆ ಕಾಣುವಂತೆ, ಒಮ್ಮೆ ಪರದೆಯ ಹಿಂದಿಟ್ಟು ಕೇಳಿಸಿದರು. ಕಂಡಾಗ ಕೊಟ್ಟ ಅಂಕ ಕಾಣದಾಗ ಉಳಿಯಲಿಲ್ಲ. ಕೇಳುವುದರಲ್ಲಿ ಕಣ್ಣಿನ ಪಾಲು ಅಷ್ಟಿತ್ತು.

ಕಿವಿಯೊಳಗಿನವಕ್ಕೆ ಪರದೆಯೂ ಸಾಲದು, ಕೈಬೆರಳಿಗೂ ಕಿವಿಯ ಚರ್ಮಕ್ಕೂ ಆಕಾರ ಗೊತ್ತಾಗಿಬಿಡುತ್ತದೆ. ಹಾಗಾಗಿ ಆಲಿವ್ ತಂಡ ಒಂದೇ ಇಯರ್‌ಫೋನನ್ನು ಕಿವಿಯಲ್ಲಿಟ್ಟು, ಅದರ ಮೂಲಕವೇ 30 ಮಾದರಿಗಳ ಗುಣವನ್ನು ಗಣಕದಿಂದ ಅನುಕರಿಸಿ ಕೇಳಿಸಿತು. ಎರೂನ್ ಬ್ರೀಬಾರ್ಟ್ 2017ರಲ್ಲಿ 283 ಹೆಡ್‌ಫೋನುಗಳನ್ನು ಅಳೆದು ನೋಡಿ, ಬೆಲೆಗೂ ಅವು ಬೇರೆ ಬೇರೆ ಸ್ವರಗಳನ್ನು ನುಡಿಸುವ ಪ್ರಮಾಣಕ್ಕೂ ಸಂಬಂಧವೇ ಕಾಣುವುದಿಲ್ಲ ಎಂದು ಬರೆದರು.

ಓದಿದ್ದು ಸಾಲದೆ ನಾನೂ ಪರೀಕ್ಷಿಸಿದೆ. ಗೆಳೆಯನೊಬ್ಬನ ಹತ್ತಿರ ಲಕ್ಷ ದಾಟಿದ ಇಯರ್‌ಫೋನಿತ್ತು, ಅವನ ಮಗಳ ಹತ್ತಿರ ಎರಡು ಸಾವಿರದ್ದು. ನಡುವೆ ನನ್ನದು. ಕೇಳಲು ಆರಿಸಿಕೊಂಡದ್ದು ಮಲ್ಲಿಕಾರ್ಜುನ ಮನಸೂರರ ಒಂದು ಧ್ವನಿಮುದ್ರಣ. ಅದರಲ್ಲಿನ ತಂಬೂರಿಯೇ ಒಳ್ಳೆಯ ಒರೆಗಲ್ಲು. ಅದರ ಅಗಲ ಕುದುರೆಯೂ ತಂತಿಯಡಿಯ ನೂಲೂ ಸೇರಿ ಒಂದೇ ಮೀಟಿಗೆ ಮೇಲಿನ ಸ್ವರಾಂಶಗಳ ಒಂದು ಜೇನುಗೂಡನ್ನೇ ಎಬ್ಬಿಸುತ್ತವೆ. ಸಿ.ವಿ. ರಾಮನ್ 1921ರಲ್ಲೇ ಇದರ ಭೌತಶಾಸ್ತ್ರ ಬರೆದಿದ್ದಾರೆ.

ಮೊದಲು ಕಣ್ಣುಬಿಟ್ಟು ಕೇಳಿದೆ. ಲಕ್ಷದ್ದೇ ಗೆದ್ದಿತು, ಅನುಮಾನವೇ ಇರಲಿಲ್ಲ. ಆಮೇಲೆ ಮೂರಕ್ಕೂ ಒಂದೇ ಬಗೆಯ ಸ್ಪಂಜು ಹಾಕಿ, ಮೊಬೈಲಿನ ಮೈಕಿಗೆ ಒತ್ತಿ ಹಿಡಿದು ಸದ್ದನ್ನು ಆದಷ್ಟು ಸಮ ಮಾಡಿದೆವು. ಲಕ್ಷದ್ದು ಉಳಿದೆರಡಕ್ಕಿಂತ ಸ್ವಲ್ಪ ಜೋರಾಗಿತ್ತು ಎಂದು ಆಗ ತಿಳಿಯಿತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹತ್ತು ಸುತ್ತು ಕೇಳಿದೆ. ನನ್ನದನ್ನು ಐದು ಸಲ, ಎರಡು ಸಾವಿರದ್ದನ್ನು ನಾಲ್ಕು ಸಲ, ಲಕ್ಷದ್ದನ್ನು ಒಂದು ಸಲ ಆರಿಸಿದ್ದೆ. ಮೂರೂ ಒಂದೇ ಎನ್ನಲಾರೆ. ಅಗ್ಗದ್ದರಲ್ಲಿ ತಬಲಾದ ಡಗ್ಗ ಗಾಯಕರ ಮೇಲೇರಿ ಬರುತ್ತಿತ್ತು. ಲಕ್ಷದ್ದರಲ್ಲಿ ತಂಬೂರಿಯ ಎಳೆಗಳು ಬಿಡಿಬಿಡಿಯಾಗಿದ್ದವು. ಆದರೆ ಸ್ಪಂಜು ಸರಿಯಾಗಿ ಕೂರದೆ ಚೂರು ಗಾಳಿ ಸೋರಿದರೆ ಮೂರರಲ್ಲೂ ಮಂದ್ರವೇ ಮಾಯ. ಆ ವ್ಯತ್ಯಾಸದ ಮುಂದೆ ಮಿಕ್ಕ ವ್ಯತ್ಯಾಸಗಳೆಲ್ಲ ಸಣ್ಣವು.

ಮರುದಿನ ಮೂರನ್ನೂ ಅಪ್ಪನಿಗೆ ಕೊಟ್ಟೆ. ಹುಡುಗನಾಗಿದ್ದಾಗ ಧಾರವಾಡ ಆಕಾಶವಾಣಿಯಲ್ಲಿ ಮನಸೂರರನ್ನು ಕೇಳುತ್ತ ಬೆಳೆದವರು. ಒಂದೊಂದನ್ನೂ ತಾಳ್ಮೆಯಿಂದ ಕೇಳಿ, ತೆಗೆದಿಟ್ಟು ಹೇಳಿದರು: “ಎಲ್ಲಾ ಒಂದ ಅವ. ತಂಬೂರಿ ಯಾಕ ಹಚ್ಚಿಲ್ಲ?”

ನನಗೆ ಉತ್ತರ ಹೊಳೆಯಲಿಲ್ಲ. ಅವರ ಪರೀಕ್ಷೆಯ ಕಾಗದ ತಂದು ಮುಂದಿಟ್ಟುಕೊಂಡೆ. ಮೊಬೈಲಿನ ಈಕ್ವಲೈಜರಿನಲ್ಲಿ, ಗೆರೆ ಇಳಿದ ಕಡೆಗಳಲ್ಲಿ ಮೆಲ್ಲಗೆ ಒಂದಿಷ್ಟು ಏರಿಸಿ, ಒಟ್ಟು ಸದ್ದನ್ನು ಕಡಿಮೆ ಮಾಡಿ, ಎರಡು ಸಾವಿರದ್ದನ್ನೇ ಮತ್ತೆ ಕೊಟ್ಟೆ. ಅಪ್ಪ ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಾದ ಮೇಲೆ ಬಲಗೈಯ ಬೆರಳುಗಳು ತೊಡೆಯ ಮೇಲೆ ತಂಬೂರಿ ಮೀಟುವಂತೆ ಒಂದೊಂದಾಗಿ ಅಲ್ಲಾಡತೊಡಗಿದವು.

“ಇದು ಚಲೋ ಅದ. ಎಷ್ಟ ಕೊಟ್ಟಿ ಇದಕ್ಕ?”

ಎರಡು ಸಾವಿರದ್ದು ಅಂದೆ. ನನ್ನದರ ಬೆಲೆಯನ್ನೂ ಹೇಳಿಬಿಟ್ಟೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು, ಬೈಯಲಿಲ್ಲ. ನಾನು ಈಗ ಮಾಡಿದ್ದನ್ನೇ ಅದಕ್ಕಿಂತ ಅಚ್ಚುಕಟ್ಟಾಗಿ, ಎದುರು ಕೂತವರ ಮಾತಿಗೂ ಮಾಡುವುದೇ ಆ ಮಷಿನ್ ಎಂದು ವಿವರಿಸಿದೆ. ಅದರೊಳಗೂ ಇದರೊಳಗೂ ಇರುವುದು ಒಂದೇ ತಕ್ಕಡಿ ಎಂದು ನನ್ನ ಇಯರ್‌ಫೋನನ್ನು ಎತ್ತಿ ತೋರಿಸಿದೆ. ಮುಂದಿನ ವಾರ ಮತ್ತೆ ಹುಬ್ಬಳ್ಳಿಗೆ ಹೋದೆವು. ನನ್ನ ಇಯರ್‌ಫೋನನ್ನು ಮಾರಿದ ಹಣದಲ್ಲಿ ಮುಕ್ಕಾಲು ಪಾಲು ಅಲ್ಲಿ ಕಟ್ಟಿದೆ.

ಸಾಧನ ಹಾಕಿಕೊಂಡ ಮೊದಲ ಬೆಳಗ್ಗೆ ಅಪ್ಪ ಎಂದಿನಂತೆ ಪಡಸಾಲೆಯಲ್ಲಿ ಪೇಪರ್ ಬಿಡಿಸಿದರು. ಬಿಡಿಸಿದವರು ಅಲ್ಲಿಗೇ ನಿಂತರು. ಮಡಚಿದರು, ಮತ್ತೆ ಬಿಡಿಸಿದರು.

“ಪೇಪರ್ ಮೊದಲಿಂದಾನೂ ಇಷ್ಟ ಸಪ್ಪಳ ಮಾಡ್ತಿತ್ತೇನು?”