ಬಾದಲ್ ನಂಜುಂಡಸ್ವಾಮಿ
ರಸ್ತೆ, ಗೋಡೆ, ಮ್ಯಾನ್‌ಹೋಲ್‌ಗಳಲ್ಲೇ ಚಿತ್ರ ಬಿಡಿಸುವ ಕರ್ನಾಟಕದ ಪ್ರಮುಖ ಬೀದಿ ಕಲಾವಿದ. ಮೈಸೂರಿನವರು, ಅಲ್ಲಿನ ದೃಶ್ಯಕಲಾ ಕಾಲೇಜು ‘ಕಾವಾ’ದಲ್ಲಿ ಕಲಿತವರು. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯನ್ನು ಕೊಳದಂತೆ ಮಾಡಿ, ಅದರಲ್ಲಿ ಮೊಸಳೆಯ ಪ್ರತಿಕೃತಿ ಇಟ್ಟರು. ಅವರ ಅತ್ಯುತ್ತಮ ಕೃತಿ 2019ರ ಸೆಪ್ಟೆಂಬರ್‌ನ ಒಂದು ವಿಡಿಯೊ. ಚಂದ್ರಯಾನ-2ರ ಲ್ಯಾಂಡರ್ ಇಳಿಯಬೇಕಿದ್ದ ದಿನಗಳಲ್ಲೇ ಬೆಂಗಳೂರಿನ ತುಂಗಾನಗರದ ಹಾಳುಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ಉಡುಪು ತೊಟ್ಟ ನಟ ಪೂರ್ಣಚಂದ್ರ ಮೈಸೂರು ತೇಲುವಂತೆ ಹೆಜ್ಜೆಯಿಟ್ಟರು. ಪಕ್ಕದಲ್ಲಿ ಆಟೊ ಹಾದಾಗಲೇ ಅದು ಚಂದ್ರನ ನೆಲವಲ್ಲ ಎಂದು ವಿಡಿಯೊ ನೋಡುವವರಿಗೆ ಹೊಳೆಯುತ್ತದೆ. ಬೀದಿಯ 3ಡಿ ಚಿತ್ರಗಳ ತಂತ್ರವೂ ಇಂಥ ಭ್ರಮೆಯದೇ: ನೋಡುವ ಒಂದು ಜಾಗವನ್ನು ಮೊದಲೇ ಗೊತ್ತುಮಾಡಿಕೊಂಡು ಆಕೃತಿಯನ್ನು ಉದ್ದಕ್ಕೆ ಎಳೆದು ಬರೆಯುತ್ತಾರೆ; ಅಲ್ಲಿ ನಿಂತರಷ್ಟೇ ಆಳ ಕಾಣುತ್ತದೆ. ಗಗನಯಾತ್ರಿಯ ವಿಡಿಯೊ ಹರಡಿದ ಬೆನ್ನಲ್ಲೇ ಪಾಲಿಕೆ ಆ ರಸ್ತೆಯ ದುರಸ್ತಿಗಿಳಿಯಿತು.